ಒಂದು ಗೇಣು ಕೆಸರು

ನಮ್ಮೂರ ಬಸ್‌ಸ್ಟಾಪಿನಲ್ಲಿ ಈಗ ಒಂದು ಫ್ಲೆಕ್ಸ್ ಕಟ್ಟಿದ್ದಾರೆ. ಸತ್ತವನ ಫೋಟೊ ಚಿಕ್ಕದು, ಅವನಿಗೆ ಶ್ರದ್ಧಾಂಜಲಿ ಹೇಳುತ್ತಿರುವವರ ಫೋಟೊಗಳು ದೊಡ್ಡವು. ಅವನ ಮುಖವನ್ನು ಆಧಾರ್ ಕಾರ್ಡಿನಿಂದ ಎತ್ತಿದ್ದಾರೆ, ಕಣ್ಣು ಅರ್ಧ ಮುಚ್ಚಿದೆ. ಕೆಳಗೆ 'ಪಕ್ಷಿಪ್ರೇಮಿ, ಕೆರೆಮಿತ್ರ' ಎಂಬ ಬಿರುದು. ಅಲಂಕಾರಕ್ಕೆಂದು ಹಕ್ಕಿಗಳನ್ನೂ ಹಾಕಿಸಿದ್ದಾರೆ: ಒಂದು ಬಿಳಿ ಹಂಸ, ಕೆಂಪು ನೀಲಿ ಬಣ್ಣದ ಯಾವುದೋ ದೇಶದ ಎರಡು ಗಿಳಿ, ಮೂಲೆಯಲ್ಲಿ ಗರಿ ಬಿಚ್ಚಿದ ನವಿಲು. ಜೀವಮಾನವಿಡೀ ಕೆಸರಿನ ಬಣ್ಣದ ಪುಟ್ಟ ಹಕ್ಕಿಗಳಿಗಾಗಿ ಕಾದವನ ತಲೆಯ ಮೇಲೆ ಹಂಸ ಕೂರಿಸಿದ್ದಾರೆ. ದಿನಾ ಹಾಲು ತರಲು ಹೋಗುವಾಗ ಅದನ್ನು ನೋಡುತ್ತೇನೆ, ದಿನಾ ಮೈ ಉರಿಯುತ್ತದೆ.

ಅವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಫ್ಲೆಕ್ಸಿನವರು ಬರೆದು ಮುಗಿಸಿದ್ದಾರೆ. ಅಲ್ಲದೆ ಊರಿನಲ್ಲಿ ಅವನನ್ನು ಹೆಸರು ಹಿಡಿದು ಕರೆದವರು ಕಡಿಮೆ, ನೀರುಗಂಟಿ ಎಂದರೆ ಅವನೇ. ಕೆರೆಯ ತೂಬನ್ನು ಎತ್ತಿ ಇಳಿಸಿ, ಯಾವ ಗದ್ದೆಗೆ ಯಾವ ದಿನ ಎಷ್ಟು ನೀರು ಎಂದು ನೋಡಿಕೊಳ್ಳುವ ಕೆಲಸ ಅವನಿಗೆ ಅವನ ಅಪ್ಪನಿಂದ ಬಂದಿತ್ತು. ಇನ್ನೊಂದು ಮಾತು. ಅವನು ನನಗಿಂತ ಹದಿನೈದು ವರ್ಷ ದೊಡ್ಡವನು. ಆದರೂ ಕೊನೆಯತನಕ ನಾನು ಅವನನ್ನು 'ಬಾರೋ ಹೋಗೋ' ಎಂದೇ ಮಾತಾಡಿಸಿದೆ, ಅವನು ನನ್ನನ್ನು 'ಚಿಕ್ಕಗೌಡ್ರೆ' ಎಂದ. ಈಗ ಸತ್ತ ಮೇಲೆ 'ಅವರು' ಎಂದು ಬರೆದರೆ ಓದುವವರಿಗೆ ನಾನು ಬಹಳ ಸಭ್ಯನಂತೆ ಕಾಣುತ್ತೇನೆ. ಅದು ಬೇಡ.

ದೊಡ್ಡಬಳ್ಳಾಪುರದಿಂದ ರಾಜಘಟ್ಟದ ಕಡೆಗೆ ಹೋಗುವಾಗ ಎಡಕ್ಕೆ ತಿರುಗಿದರೆ ನಮ್ಮೂರು. ಊರಿನ ಪೂರ್ವಕ್ಕೆ ಕೆರೆ. ಗೌರಿ ಗಣೇಶನ ಹಬ್ಬದ ಆಸುಪಾಸಿನಲ್ಲಿ, ಉಬ್ಬೆ ಮಳೆ ಕಾಲಿಡುವ ಹೊತ್ತಿಗೆ, ಒಂದು ಬೆಳಿಗ್ಗೆ ಅವನು ನಮ್ಮ ಮನೆಯ ಗೇಟಿನ ಹೊರಗೆ ಬಂದು ನಿಲ್ಲುತ್ತಿದ್ದ. ಮೊಣಕಾಲಿನತನಕ ಕೆಸರು, ತಲೆಗೆ ಸುತ್ತಿದ ಕೆಂಪು ಟವೆಲು.

"ಬಂದವ್ರೆ," ಅನ್ನುತ್ತಿದ್ದ.

"ಯಾರ್ಲಾ ಬಂದವ್ರೆ?" ಅಂತ ನಮ್ಮಮ್ಮ ಪ್ರತಿ ವರ್ಷವೂ ಕೇಳುತ್ತಿದ್ದಳು, ಗೊತ್ತಿದ್ದೂ.

"ಅವ್ರೇ ಕಣವ್ವ, ಬಾಲ ಆಡಿಸ್ಕಂಡು. ಇಬ್ರು ಬಂದವ್ರೆ. ಮಿಕ್ಕೋರು ಹಿಂದ್ಗಡೆ ಬತ್ತಾರೆ."

ನಾನು ಚಿಕ್ಕವನಿದ್ದಾಗ ಅವನ ಮನೆಗೆ ನೆಂಟರು ಬಂದಿದ್ದಾರೆ ಎಂದುಕೊಂಡಿದ್ದೆ. ಬಂದದ್ದು ಗುಬ್ಬಿಗಿಂತ ಸ್ವಲ್ಪ ಉದ್ದನೆಯ, ಬೂದು ಬೆನ್ನಿನ, ಹಳದಿ ಹೊಟ್ಟೆಯ ಹಕ್ಕಿ. ಪುಸ್ತಕದಲ್ಲಿ ಸಿಪಿಲೆ ಎನ್ನುತ್ತಾರೆ. ನಿಂತಲ್ಲಿ ನಿಲ್ಲದೆ ಹಿಂಭಾಗ ಕುಣಿಸುವುದರಿಂದ ನಮ್ಮ ಕಡೆ ಕುಂಡೆಕುಸ್ಕ ಅನ್ನುತ್ತಾರೆ, ಹುಡುಗಿಯರು ಆ ಹೆಸರು ಹೇಳಿದರೆ ಮನೆಯಲ್ಲಿ ಬೈಯುತ್ತಿದ್ದರು. ಅದರ ಬೆನ್ನಿಗೇ ಗದ್ದೆಗೊರವಗಳು ಬರುತ್ತಿದ್ದವು: ಕಂದು ಬೆನ್ನಿನ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಬಿಳಿ ಚುಕ್ಕಿ, ಉದ್ದ ಕಾಲು, ಕೆಸರಿಗೆ ಚುಚ್ಚಲು ಸೂಜಿಯಂಥ ಕೊಕ್ಕು. ಮನುಷ್ಯರಿಗೆ ಹೇಳುವ ಹಾಗೆ ಅವುಗಳಿಗೆ ಅವನು 'ಬಂದವ್ರೆ, ಹೋದ್ರು, ಉಣ್ತಾವ್ರೆ' ಅನ್ನುತ್ತಿದ್ದ. ಇಷ್ಟು ಹೇಳಿದವನಿಗೆ ನಮ್ಮಮ್ಮ ಕಾಂಪೌಂಡಿನ ಗೂಡಿನಲ್ಲಿ ಬೇರೆ ಇಟ್ಟಿದ್ದ ಅಲ್ಯೂಮಿನಿಯಂ ಲೋಟಕ್ಕೆ ಮೇಲಿನಿಂದ ಕಾಫಿ ಸುರಿಯುತ್ತಿದ್ದಳು. ಅವನು ಕುಡಿದು, ತೊಳೆದು, ಅಲ್ಲೇ ಇಟ್ಟು ಹೋಗುತ್ತಿದ್ದ. ಹಕ್ಕಿಗೆ ಬಹುವಚನ, ಹಕ್ಕಿ ಬಂದ ಸುದ್ದಿ ತಂದವನಿಗೆ ಗೂಡಿನ ಲೋಟ. ನಾನು ಅದನ್ನು ನೋಡುತ್ತಲೇ ಬೆಳೆದೆ, ಒಂದು ದಿನವೂ ಏನೂ ಅನ್ನಲಿಲ್ಲ.

ಹಕ್ಕಿ ತೋರಿಸುವಾಗ ಅವನು ಬೆರಳು ಎತ್ತುತ್ತಿರಲಿಲ್ಲ. ಗದ್ದವನ್ನು ಆ ಕಡೆ ಚಾಚುತ್ತಿದ್ದ, ಅಷ್ಟೆ. ನಾನು ಕೈ ಎತ್ತಿದರೆ ಕೈಯನ್ನೇ ಕೆಳಗೆ ಒತ್ತುತ್ತಿದ್ದ. ನನ್ನನ್ನು ಅವನು ಮುಟ್ಟುತ್ತಿದ್ದದ್ದು ಅದೊಂದೇ ಸಂದರ್ಭದಲ್ಲಿ.

"ದಾರಿ ನಡ್ಕಂಡು ಬಂದು ಉಣ್ಣಕ್ ಕುಂತೋರ್ನ ಬೆಳ್ಳು ಮಾಡಿ ತೋರುಸ್ಬಾರ್ದು ಗೌಡ್ರೆ. ಮನುಷ್ರಾದ್ರೂ ಎದ್ದು ಹೋಯ್ತಾರೆ."

ಹೈಸ್ಕೂಲಿನಲ್ಲಿ ಓದುವಾಗ ನಾನು ನನ್ನ ಜಾಣತನ ತೋರಿಸಿದೆ. ಈ ಹಕ್ಕಿಗಳು ಹಿಮಾಲಯದ ಆಚೆಯಿಂದ, ಸೈಬೀರಿಯಾ ಎಂಬ ಸೀಮೆಯ ಕಡೆಯಿಂದ ಬರುತ್ತವೆ, ಅಲ್ಲಿ ನೆಲವೆಲ್ಲ ಮಂಜುಗಡ್ಡೆಯಾಗುತ್ತದೆ ಎಂದು ಹೇಳಿದೆ. ಅವನು ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. ಆಮೇಲೆ, "ಅಲ್ಲೂ ಒಬ್ಬ ನೀರ್ಗಂಟಿ ಇರ್ಬೇಕು ಕಣ್ ಗೌಡ್ರೆ. ಇಲ್ದಿದ್ರೆ ಮರಿ ಹೆಂಗ್ ಮಾಡ್ತಾರೆ?" ಅಂದ. ನಾನು ಅದನ್ನು ಗೆಳೆಯರ ಹತ್ತಿರ ಹೇಳಿ ನಕ್ಕಿದ್ದೆ.

ಅವನ ಲೆಕ್ಕದಲ್ಲಿ ಹಕ್ಕಿ ಬರುವುದು ತಾನಾಗಿ ಆಗುವ ಕೆಲಸವಲ್ಲ, ಯಾರಾದರೂ ನೀರು ನೋಡಿಕೊಳ್ಳಬೇಕು. ಆಗಸ್ಟ್ ಮುಗಿಯುವ ವಾರ ಅವನು ತೂಬಿನ ಹತ್ತಿರ ಈಜಿ ಹೋಗಿ, ಮುಳುಗಿ, ಅದರ ಬಾಯಿಗಿಟ್ಟ ಗೂಟವನ್ನು ಸ್ವಲ್ಪ ಎತ್ತಿ ಬರುತ್ತಿದ್ದ. ಎರಡು ಮೂರು ದಿನಕ್ಕೆ ನೀರು ಒಂದು ಗೇಣು ಇಳಿಯುತ್ತಿತ್ತು. ಏರಿಯ ಕಡೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಕೆರೆಯ ಮೇಲುಬದಿಯಲ್ಲಿ, ನೆಲ ಇಳಿಜಾರಾಗಿರುವ ಕಡೆ, ಒಂದು ಗೇಣು ನೀರು ಇಳಿದರೆ ಒಂದು ಹೊಲದಷ್ಟು ಕೆಸರು ತೆರೆದುಕೊಳ್ಳುತ್ತದೆ. ಆ ಕೆಸರಿನಲ್ಲಿ ಹುಳ. ಹುಳಕ್ಕೆ ಹಕ್ಕಿ. ನಮ್ಮಪ್ಪ ಏರಿಯ ಮೇಲೆ ನಿಂತು ರೇಗುತ್ತಿದ್ದ, ಕೇಳದೆ ನೀರು ಯಾಕೆ ಬಿಟ್ಟೆ ಎಂದು.

"ಏರಿ ವಸಿ ಒದ್ದೆ ಆಗಿತ್ತು ದೊಡ್ಡಗೌಡ್ರೆ. ಭಾರ ಇಳಿಸ್ದೆ," ಅಂತ ತಲೆ ಕೆರೆಯುತ್ತ ಹೇಳುತ್ತಿದ್ದ. ಏರಿ ಒದ್ದೆ ಆಗಿರಲಿಲ್ಲ. ನನಗೂ ಗೊತ್ತಿತ್ತು, ನಮ್ಮಪ್ಪನಿಗೂ ಗೊತ್ತಿತ್ತು ಅಂತ ಕಾಣುತ್ತದೆ. ಗದ್ದೆಗೆ ಹೋದ ನೀರು ದಂಡವೇನೂ ಆಗುತ್ತಿರಲಿಲ್ಲವಲ್ಲ.

ತೂಬಿನ ಹತ್ತಿರ ನೀರಿನೊಳಗೆ ಎರಡು ಕಲ್ಲುಕಂಬಗಳಿವೆ, ಮೇಲೊಂದು ಅಡ್ಡಕಲ್ಲು. ಪ್ರತಿ ವರ್ಷ ಮೊದಲ ಹಕ್ಕಿ ಕಂಡ ದಿನ ಅವನು ಉಳಿ ಸುತ್ತಿಗೆ ತೆಗೆದುಕೊಂಡು ಅಲ್ಲಿಗೆ ಹೋಗಿ, ಆ ದಿನ ನೀರು ಕಂಬದ ಯಾವ ಎತ್ತರಕ್ಕೆ ನಿಂತಿದೆಯೋ ಅಲ್ಲಿ ಒಂದು ಗೀಟು ಕೊರೆದು, ಎಲೆಅಡಿಕೆಯ ಡಬ್ಬಿಯಿಂದ ಸುಣ್ಣ ತೆಗೆದು ತುಂಬುತ್ತಿದ್ದ. ಒಂದು ಕಂಬದಲ್ಲಿ ಅವನ ಅಪ್ಪನ ಗೀಟುಗಳು, ಇನ್ನೊಂದರಲ್ಲಿ ಅವನವು. ಕೆರೆ ಒಣಗಿದ ವರ್ಷ ಗೀಟಿನ ಬದಲು ಬುಡದಲ್ಲಿ ಒಂದು ಚುಕ್ಕೆ. ಹತ್ತಿರ ಹೋಗಿ ನೋಡಿದರೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು: ಗೀಟುಗಳೆಲ್ಲ ಒಂದೇ ಗೇಣಿನೊಳಗೆ ಒತ್ತೊತ್ತಾಗಿ ಇದ್ದವು, ತೀರಾ ಮೇಲೆ ಒಂದೂ ಇರಲಿಲ್ಲ. ಕೆರೆ ಕಂಠಮಟ್ಟ ತುಂಬಿದಾಗ ಹಕ್ಕಿಗಳು ಇಳಿಯುವುದಿಲ್ಲ ಎಂದು ಕಲ್ಲೇ ಹೇಳುತ್ತಿತ್ತು. ಓದು ಬರೆಹ ಬರದವನು ಮತ್ತು ಅವನ ಅಪ್ಪ ಸೇರಿ ಬರೆದಿಟ್ಟದ್ದು ಅದು.

ರಾಜಘಟ್ಟದಲ್ಲಿ ನೆಲ ಅಗೆದಾಗ ಸಿಕ್ಕ ಬೌದ್ಧರ ಕಾಲದ ಇಟ್ಟಿಗೆ ಚೂರು, ಮಣ್ಣಿನ ಬಿಲ್ಲೆಗಳನ್ನೆಲ್ಲ ಜೋಪಾನವಾಗಿ ಎತ್ತಿಟ್ಟರು ಎಂದು ಪೇಪರಿನಲ್ಲಿ ಓದಿ ನಾವೆಲ್ಲ ಹೆಮ್ಮೆಪಟ್ಟೆವು. ಒಳ್ಳೆಯದೇ. ಆದರೆ ಅಲ್ಲಿಂದ ಸೈಕಲ್ ತುಳಿದರೆ ಸಿಗುವ ನಮ್ಮ ಕೆರೆಯಲ್ಲಿ ಒಂದು ಕಲ್ಲಿತ್ತು, ಅದರ ಮೇಲೆ ಗೀಟು ಕೊರೆಯುವವನು ಬದುಕಿದ್ದ, ಕೇಳಿದರೆ ಪ್ರತಿಯೊಂದು ಗೀಟಿನ ಕಥೆ ಹೇಳುತ್ತಿದ್ದ. ಅದನ್ನು ಯಾರೂ ನೋಡಲಿಲ್ಲ. ಯಾರೂ ಅಂದರೆ ಬೇರೆ ಯಾರನ್ನೋ ಬೈದ ಹಾಗಾಗುತ್ತದೆ. ನಾನು ನೋಡಲಿಲ್ಲ. ನೋಡಬೇಕಾಗಿದ್ದವನು ನಾನು, ನಮ್ಮೂರ ಪಂಚಾಯಿತಿಯ ಕಾರ್ಯದರ್ಶಿ.

ಅವನು ಸಾಧುವೇನೂ ಅಲ್ಲ, ಕೋಪಿಷ್ಠ. ಕೋಪ ಬಂದರೆ ತಲೆಯ ಟವೆಲು ಬಿಚ್ಚಿ, ಕೊಡವಿ, ಮತ್ತೆ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದ. ಅಷ್ಟು ಮಾಡಿದ ಅಂದರೆ ಎದುರಿಗಿದ್ದವರು ಸುಮ್ಮನಾಗುವುದು ಒಳ್ಳೆಯದು. ಒಂದು ಭಾನುವಾರ ಬೆಂಗಳೂರಿನಿಂದ ಎರಡು ಕಾರು ತುಂಬ ಕ್ಯಾಮೆರಾದವರು ಬಂದರು. ಹಕ್ಕಿಗಳು ಕೂತಿರುವ ಫೋಟೊ ಸಿಕ್ಕಾಯಿತು, ಹಾರುವ ಫೋಟೊ ಬೇಕು ಎಂದು ಒಬ್ಬ ಜೋರಾಗಿ ಚಪ್ಪಾಳೆ ತಟ್ಟಿದ. ಗೊರವಗಳ ಗುಂಪು ಎದ್ದಿತು, ಸುತ್ತು ಹೊಡೆದು ಮತ್ತೆ ಇಳಿಯಿತು. ಅವನು ಮತ್ತೆ ತಟ್ಟಿದ. ಮೂರನೆಯ ಸಲ ಕೈ ಎತ್ತುವ ಹೊತ್ತಿಗೆ ನೀರುಗಂಟಿ ಟವೆಲು ಕಟ್ಟಿಕೊಂಡು ಕೆಸರಿಗೆ ಇಳಿದು, ಕ್ಯಾಮೆರಾಕ್ಕೂ ಹಕ್ಕಿಗೂ ನಡುವೆ ಅಡ್ಡ ನಿಂತಿದ್ದ.

"ಏನ್ ತಾತ, ಸೈಡಿಗೆ ಬನ್ನಿ, ಫ್ರೇಮಲ್ಲಿ ಬರ್ತಿದೀರ."

"ನಿಮ್ಮನೇಲಿ ಉಣ್ಣಕ್ ಕೂರ್ಸಿ, ತುತ್ತು ಬಾಯಿಗಿಡೋ ಹೊತ್ಗೆ ಎಬ್ಬಿಸ್ತೀರಾ? ಎಬ್ಬಿಸ್ತೀರಾ ಅಂತ ಕೇಳ್ದೆ. ಹೊತ್ತಾರೆಯಿಂದ ಎರಡ್ ಸಲ ಎಬ್ಬಿಸ್ದಲ್ಲಯ್ಯ, ನಿಂಗೇನು ಕಣ್ಣಲ್ಲಿ ನೆತ್ರಿಲ್ವಾ?"

ಅವರು ನಕ್ಕು, ಅವನದೇ ನಾಲ್ಕು ಫೋಟೊ ಹೊಡೆದುಕೊಂಡು, ಹೋದರು. ಅವರು ಹೋದ ಮೇಲೂ ಅವನು ಅರ್ಧ ಗಂಟೆ ಕೆಸರಿನಲ್ಲೇ ನಿಂತಿದ್ದ. ನಾನು ಏರಿಯ ಮೇಲೆ ಮೋಟರ್‌ಸೈಕಲ್ ಮೇಲೆ ಕೂತು ನೋಡಿದೆ. ಇಳಿದು ಹೋಗಿ ಅವನ ಪಕ್ಕ ನಿಲ್ಲಬೇಕು ಅನ್ನಿಸಲಿಲ್ಲ. ಪ್ಯಾಂಟು ಒಗೆದದ್ದಾಗಿತ್ತು.

ಈಗ ನಾನು ಮಾಡಿದ್ದು ಹೇಳುತ್ತೇನೆ. ನನ್ನ ನಿವೃತ್ತಿಗೆ ಇನ್ನೊಂದು ವರ್ಷ ಇತ್ತು. ನಗರದ ಕೊಳಚೆ ನೀರನ್ನು ಶುದ್ಧ ಮಾಡಿ ಪೈಪಿನಲ್ಲಿ ತಂದು ನಮ್ಮ ಕಡೆಯ ಕೆರೆಗಳಿಗೆ ತುಂಬಿಸುವ ಕೆಲಸ ನಡೆಯುತ್ತಿತ್ತು. ಬೋರ್‌ವೆಲ್‌ಗಳೆಲ್ಲ ಬತ್ತಿದ್ದವು, ಎಲ್ಲರೂ ಆ ನೀರಿಗೆ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದೆವು. ಮೇಲಿನಿಂದ ಒಂದು ನಮೂನೆ ಬಂತು. ಕೆರೆಯ ವಿಸ್ತೀರ್ಣ ಎಷ್ಟು, ಏರಿಯ ಉದ್ದ ಎಷ್ಟು, ತೂಬುಗಳೆಷ್ಟು, ಒತ್ತುವರಿ ಇದೆಯೇ. ಕೊನೆಯಲ್ಲಿ, ವಲಸೆ ಹಕ್ಕಿಗಳು ಬರುತ್ತವೆಯೇ, ಬರುತ್ತಿದ್ದಲ್ಲಿ ದಾಖಲೆ ಲಗತ್ತಿಸುವುದು.

ನಾನು ಅದನ್ನು ತುಂಬುತ್ತಿದ್ದಾಗ ಅವನು ಆಫೀಸಿನ ಬಾಗಿಲಿಗೆ ಬಂದು ಹೊಸ್ತಿಲಿನ ಆಚೆ ನಿಂತ.

"ಚಿಕ್ಕಗೌಡ್ರೆ, ಕೆರೆ ವಿಚಾರ ಬರೀತಿದ್ದೀರಂತೆ. ಹಕ್ಕಿ ವಿಚಾರಾನೂ ಕೇಳವ್ರಂತಲ್ಲ?"

"ಹೂಂ ಕಣೋ. ಏನೀಗ?"

"ನನ್ ಕಲ್ಲೈತಲ್ಲ. ಬಂದು ನೋಡಿ ಬರ್ಕಳಿ. ನಮ್ಮಪ್ಪನ ಕಾಲದ್ದೂ ಐತೆ."

ನಾನು ನಕ್ಕೆ. "ಕಲ್ಲನ್ನ ಜೆರಾಕ್ಸ್ ಮಾಡಿ ಪಿನ್ ಹೊಡೆಯೋಕೆ ಆಗುತ್ತೇನೋ? ದಾಖಲೆ ಅಂದ್ರೆ ಕಾಗದ, ಅದರ ಮೇಲೆ ಸೀಲು. ಹೋಗು, ಕೆಲಸ ಇದೆ."

ಒಳಗಿದ್ದ ನಾಲ್ಕು ಜನವೂ ನಕ್ಕರು. ಅವನು ಟವೆಲು ಬಿಚ್ಚಿ, ಕೊಡವಿ, ಕಟ್ಟಿಕೊಂಡ. ಆದರೆ ಬೈಯಲಿಲ್ಲ. "ಫೋಟೊ ಹೊಡುದ್ರೆ ಅದು ಕಾಗ್ದ ಆಗಲ್ವಾ ಗೌಡ್ರೆ?" ಅಂತ ಕೇಳಿದ.

ಫೋನು ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಕೆರೆ ಆಫೀಸಿನಿಂದ ಹತ್ತು ನಿಮಿಷದ ದಾರಿ. ಟಪಾಲು ಸಂಜೆಯೊಳಗೆ ಹೋಗಬೇಕಿತ್ತು ಎಂಬುದು ನಿಜ, ಆದರೆ ಅದು ಕಾರಣವಲ್ಲ. 'ಹೌದು' ಎಂದು ಬರೆದರೆ ಇನ್ನೊಂದು ಇಲಾಖೆ ಬರುತ್ತದೆ, ಇನ್ನೊಂದು ತಪಾಸಣೆ ಆಗುತ್ತದೆ, ನೀರು ತಡವಾಗುತ್ತದೆ, ಊರವರು ನನ್ನನ್ನು ಹಿಡಿದುಕೊಳ್ಳುತ್ತಾರೆ ಎಂಬ ಭಯ. ಅದಕ್ಕಿಂತ ದೊಡ್ಡದು, ನೀರುಗಂಟಿಯ ಕಲ್ಲನ್ನು ಸರ್ಕಾರಕ್ಕೆ ಕಳಿಸಿದರೆ ಜನ ನಗುತ್ತಾರೆ ಎಂಬ ನಾಚಿಕೆ. "ಸಾಕು ಹೋಗೋ," ಅಂದೆ. ಆ ಜಾಗದಲ್ಲಿ ನನ್ನ ಮುದ್ದಾದ ಅಕ್ಷರದಲ್ಲಿ ಬರೆದೆ: 'ಬರುವುದಿಲ್ಲ. ಈ ಸಂಬಂಧ ಯಾವುದೇ ದಾಖಲೆಗಳು ಲಭ್ಯವಿರುವುದಿಲ್ಲ.' ಸಹಿ, ಸೀಲು. ಸುಮಾರು ಐದು ದಶಕ ಅವನು ಬಂದವ್ರೆ ಬಂದವ್ರೆ ಎಂದು ನನ್ನ ಗೇಟಿಗೆ ಬಂದು ಹೇಳಿದ್ದನ್ನು ಕೇಳಿಸಿಕೊಂಡ ಕೈಯೇ ಅದನ್ನು ಬರೆದದ್ದು.

ನೀರು ಬಂತು. ನನ್ನ ಬೋರ್‌ವೆಲ್‌ನಲ್ಲೂ ಬಂತು, ಸುಳ್ಳು ಹೇಳುವುದಿಲ್ಲ, ಬಹಳ ಸಂತೋಷಪಟ್ಟೆ. ತುಂಬಿದ ನೀರು ನೆಲದೊಳಗೆ ಇಂಗಬೇಕು, ಹೊರಗೆ ಹರಿಯಬಾರದು ಎಂದು ತೂಬಿಗೆ ಕಾಂಕ್ರೀಟು ಹಾಕಿ ಮುಚ್ಚಿದರು. ನೀರುಗಂಟಿಯ ಕೆಲಸ ಅಲ್ಲಿಗೆ ಮುಗಿಯಿತು. ಅದನ್ನು ಅವನಿಗೆ ಯಾರೂ ಹೇಳಲೂ ಇಲ್ಲ. ಕಾಂಕ್ರೀಟು ಒಣಗಿದ್ದನ್ನು ನೋಡಿ ಅವನೇ ತಿಳಿದುಕೊಂಡ.

ಬಾಗಿನ ಕೊಡುವ ದಿನ ಏರಿಯ ಮೇಲೆ ಶಾಮಿಯಾನ ಹಾಕಿದರು. ಶಾಸಕರು ಪತ್ನೀಸಮೇತ ಬಂದು ಮೊರದ ಬಾಗಿನವನ್ನು ನೀರಿಗೆ ಬಿಟ್ಟರು. ಕೆರೆ ತುಂಬಿ ತುಳುಕುತ್ತಿತ್ತು. ಕಲ್ಲುಕಂಬಗಳು, ಅಡ್ಡಕಲ್ಲು ಎಲ್ಲ ಮುಳುಗಿದ್ದವು. ಹಳೆಯ ನೀರುಗಂಟಿ ಎಂದು ಅವನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಅವನು ಶಾಲು ಹೊದ್ದುಕೊಂಡು, ಶಾಸಕರ ಮುಖದ ಮುಂದೆ ಕೈ ಚಾಚಿ, ಹೆಬ್ಬೆರಳು ಕಿರುಬೆರಳು ಅಗಲಿಸಿ ಹಿಡಿದ.

"ಒಂದ್ ಗೇಣು ಇಳ್ಸಿ ಸ್ವಾಮಿ. ಒಂದೇ ತಿಂಗ್ಳು. ಆಮ್ಯಾಕೆ ತುಂಬುಸ್ಕಳಿ."

"ಆಯ್ತು ತಾತ, ಆಯ್ತು, ಮಾಡೋಣ," ಅಂತ ಶಾಸಕರು ಆ ಕೈಯನ್ನೇ ಹಿಡಿದು ಕುಲುಕಿ, ಫೋಟೊದ ಕಡೆ ತಿರುಗಿ ನಕ್ಕರು. ಇಡೀ ಸಭೆ ಚಪ್ಪಾಳೆ ತಟ್ಟಿತು. ನಾನು ಮುಂದಿನ ಸಾಲಿನಲ್ಲಿ ಕೂತು ತಟ್ಟಿದೆ.

ಆ ವರ್ಷದಿಂದ ಗೊರವಗಳು ಕೆರೆಗೆ ಇಳಿಯಲಿಲ್ಲ. ನೀರುಕಾಗೆ ಬಂದವು, ನೀರುಕೋಳಿ ಬಂದವು, ಚಳಿಗಾಲಕ್ಕೆ ಬಾತುಗಳೂ ಬಂದವು. ಜನ ಅದನ್ನೇ ತೋರಿಸಿ, "ಹಕ್ಕಿ ಇಲ್ಲ ಅಂತೀಯಲ್ಲೋ, ಅಲ್ನೋಡು ರಾಶಿ ಅವೆ," ಎಂದು ಅವನನ್ನು ಕಿಚಾಯಿಸುತ್ತಿದ್ದರು. ಅವನು, "ಅವ್ರಿಗೆ ನೀರಿದ್ರೆ ಸಾಕು ಕಣ್ರಪ್ಪ. ಇವ್ರಿಗೆ ಈಜಕ್ ಬರಲ್ಲ, ಕಾಲೂರಕ್ಕೆ ಜಾಗ ಬೇಕು," ಎಂದು ಹೇಳಿ ಹೇಳಿ ಕೊನೆಗೆ ಹೇಳುವುದನ್ನೇ ಬಿಟ್ಟ.

ಅವನಿಗೆ ಒಬ್ಬಳೇ ಮಗಳು. ಗಂಡ ಬಿಟ್ಟುಹೋದ ಮೇಲೆ ಅಪ್ಪನ ಜೊತೆಯಲ್ಲೇ ಇದ್ದಾಳೆ, ಬಾಶೆಟ್ಟಿಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ. ಒಂದು ಸೆಪ್ಟೆಂಬರಿನಲ್ಲಿ ಅವಳು ಬಸ್ಸಿನ ಕಿಟಕಿಯಿಂದ, ಕಾರ್ಖಾನೆಗಳ ಹಿಂದಿನ ದೊಡ್ಡ ಚರಂಡಿಯಲ್ಲಿ ಬಾಲ ಕುಣಿಸುವ ಹಕ್ಕಿಗಳನ್ನು ಕಂಡು ಬಂದು ಅಪ್ಪನಿಗೆ ಹೇಳಿದಳು. ಮಾರನೆಯ ದಿನ ಅವನು ಶಿಫ್ಟಿನ ಬಸ್ಸು ಹತ್ತಿ ಮಗಳ ಜೊತೆ ಹೋದ. ಅಲ್ಲಿ ಬಣ್ಣದ ನೀರು ಹರಿಯುತ್ತದೆ, ಒಂದು ದಿನ ನೀಲಿ, ಒಂದು ದಿನ ಕೆಂಪು. ಮೂಗು ಮುಚ್ಚಿಕೊಳ್ಳದೆ ನಿಲ್ಲುವ ಹಾಗಿಲ್ಲ. ಚರಂಡಿಯ ಅಂಚಿಗೆ ಮಾತ್ರ ಒಂದು ಗೇಣು ಕೆಸರಿದೆ. ಗೊರವಗಳು ಆ ಕೆಸರಿಗೆ ಕೊಕ್ಕು ಚುಚ್ಚುತ್ತಿದ್ದವು. ಅವನು ಅಲ್ಲಿ ಕುಕ್ಕರಗಾಲಿನಲ್ಲಿ ಕೂತ. ಸೆಕ್ಯುರಿಟಿಯವನು ಬಂದು, ಒಂದಕ್ಕೆ ಕೂತಿದ್ದಾನೆ ಎಂದುಕೊಂಡು, ಕೋಲಿನಿಂದ ತಿವಿದು ಎಬ್ಬಿಸಿ ಅಟ್ಟಿದ.

ಅಲ್ಲಿಂದ ನೇರವಾಗಿ ಅವನು ನನ್ನ ಗೇಟಿಗೆ ಬಂದ. ನಾನು ನಿವೃತ್ತನಾಗಿ ಪೇಪರ್ ಓದುತ್ತ ಕೂತಿದ್ದೆ. "ಬಂದವ್ರೆ," ಅಂದ. "ಚರಂಡೀಲಿ ಕೂತು ಉಣ್ತಾವ್ರೆ ಗೌಡ್ರೆ. ಬಣ್ಣದ್ ನೀರು. ನಮ್ ಕೆರೆ ಇಷ್ಟು ತುಂಬ್ಕಂಡು ಅಲ್ ಕೂತು ಉಣ್ಣುಸ್ತಾ ಇದೀವಲ್ಲ, ಇದು ನಮಗೆ ಮರ್ಯಾದೆನಾ?" ಎಂದು ಕೇಳಿದ. ಅವನ ಕಣ್ಣು ಕೆಂಪಾಗಿದ್ದವು, ಚರಂಡಿಯ ವಾಸನೆಗೋ ಕೋಪಕ್ಕೋ ನನಗೆ ಗೊತ್ತಾಗಲಿಲ್ಲ. ಕಾಫಿ ಕುಡಿದು ಹೋಗು ಅಂದೆ. ಬೇಡ ಅಂದ. ಆಮೇಲಿನ ವರ್ಷವೂ ಬಂದ, ಅದರ ಮುಂದಿನ ವರ್ಷವೂ ಬಂದ. ಬಂದವ್ರೆ ಅಂತ ಮಾತ್ರ ಹೇಳಿ, ಎಲ್ಲಿ ಅಂತ ಹೇಳದೆ ಹೋದ.

ಈ ಸಲ ಶ್ರಾವಣದಲ್ಲಿ ಮಲಗಿದವನು ಏಳಲಿಲ್ಲ. ಹನ್ನೊಂದನೆಯ ದಿನ ಫ್ಲೆಕ್ಸ್ ಬಂತು. ಅದರ ಕೆಳಗೆ ನಿಂತು ಒಬ್ಬೊಬ್ಬರೂ ಅವನನ್ನು ಹೊಗಳಿದ್ದೇ ಹೊಗಳಿದ್ದು. ಬದುಕಿದ್ದಾಗ ಅವನ ಒಂದು ಗೇಣಿಗೆ ಕಿವಿ ಕೊಡದವರು ಮೈಕಿನಲ್ಲಿ ಅವನನ್ನು ಕೆರೆಯ ಆತ್ಮ ಎಂದರು. ನನ್ನನ್ನೂ ಎರಡು ಮಾತು ಆಡಲು ಕರೆದರು. ನಾನು ಎದ್ದು ಮನೆಗೆ ಬಂದೆ.

ಎರಡು ದಿನ ಬಿಟ್ಟು ಅರ್ಜಿ ಬರೆದೆ. ತೂಬಿಗೆ ಒಂದು ಗೇಟು ಕೂರಿಸಿ, ಸೆಪ್ಟೆಂಬರಿನಲ್ಲಿ ಒಂದು ಗೇಣು ನೀರು ಇಳಿಸಿ, ಯಾವ ಬೋರ್‌ವೆಲ್ಲೂ ಅದರಿಂದ ಬತ್ತುವುದಿಲ್ಲ, ಇಷ್ಟೇ. ತೆಗೆದುಕೊಂಡು ತಾಲ್ಲೂಕು ಕಚೇರಿಯ ಕಡೆ, ನಾನು ಅಂದು ಆ ನಮೂನೆ ತುಂಬಿ ಕಳಿಸಿದ್ದ ಆಫೀಸಿಗೆ ಹೋದೆ. ಅಲ್ಲಿದ್ದ ಗುಮಾಸ್ತೆ ನನ್ನ ಹಳೆಯ ಕೆಲಸ ತಿಳಿದು ಮರ್ಯಾದೆಯಿಂದ ಕೂರಿಸಿದಳು. ಕಡತ ತರಿಸಿ, ಹಾಳೆ ತಿರುವಿ, ಒಂದು ಕಡೆ ನಿಲ್ಲಿಸಿ ನನ್ನ ಕಡೆ ತಿರುಗಿಸಿದಳು.

"ಸಾರ್, ಇಲ್ಲಿ ಹಕ್ಕಿ ಬರಲ್ಲ ಅಂತ ಇದೆಯಲ್ಲ. ನಿಮ್ದೇ ಸಹಿ."

ನನ್ನ ಮುದ್ದಾದ ಅಕ್ಷರ ಹಾಗೇ ಇತ್ತು. ಸೀಲು ಕೂಡ ಮಾಸಿರಲಿಲ್ಲ.

"ಅದು ತಪ್ಪು ಕಣಮ್ಮ. ಬರ್ತಿದ್ವು," ಅಂದೆ.

"ನನಗೇನೋ ನಂಬಿಕೆ ಇದೆ ಸಾರ್. ಒಬ್ರು ತಾತ ಪ್ರತಿ ವರ್ಷ ಬಂದು ಇದನ್ನೇ ಹೇಳ್ತಿದ್ರು, ಕೆಂಪು ಟವೆಲು. ನಾನು ಅವರಿಗೂ ಇದನ್ನೇ ತೋರಿಸ್ದೆ. ಓದೋಕೆ ಬರಲ್ಲ ಅಂದ್ರು, ಓದಿ ಹೇಳ್ದೆ. ಬರೆದೋರು ಯಾರು ಅಂತ ಕೇಳಿದ್ರು. ನಿಮ್ಮ ಹೆಸರು ಹೇಳ್ದೆ."

"ಏನಂದ?"

"ಟವೆಲು ಬಿಚ್ಚಿ ಕೊಡವಿ ಮತ್ತೆ ಕಟ್ಕೊಂಡ್ರು ಸಾರ್. ಹೋದ್ರು."

ಯಾವ ವರ್ಷ ಎಂದು ಕೇಳಿದೆ. ನೀರು ತುಂಬಿದ ಮೊದಲನೆಯ ವರ್ಷವೇ. ಹಾಗಾದರೆ ಅವನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಸೆಪ್ಟೆಂಬರಿನಲ್ಲಿ ನನ್ನ ಗೇಟಿಗೆ ಬಂದು ಬಂದವ್ರೆ ಅಂದ. ಒಂದು ಸಲ ನನ್ನ ಕೊರಳಪಟ್ಟಿ ಹಿಡಿದು ಕೇಳಿದ್ದರೆ, ನಾಲ್ಕು ಜನರ ಮುಂದೆ ಉಗಿದಿದ್ದರೆ, ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಅವನ ಮೇಲೂ ನನಗೆ ಕೋಪವಿದೆ. ಕ್ಯಾಮೆರಾದವನಿಗೆ ಬೈದ ಬಾಯಿ ನನಗೆ ಯಾಕೆ ಬೈಯಲಿಲ್ಲ? ಗೌಡ ಅಂತಲೇ? ಆ ಗೂಡಿನ ಲೋಟ ಇನ್ನೂ ಅವನ ಬಾಯಿಗೆ ಅಡ್ಡ ಇತ್ತೇ? ಈ ಪ್ರಶ್ನೆ ಕೇಳಲು ಈಗ ಅವನಿಲ್ಲ. ಗುಮಾಸ್ತೆ ಅರ್ಜಿ ತೆಗೆದುಕೊಂಡಳು. ಆದರೆ ಹಳೆಯ ಪತ್ರಕ್ಕೆ ವಿರುದ್ಧವಾಗಿ ಏನಾದರೂ ದಾಖಲೆ ಬೇಕು, ಇಲ್ಲದಿದ್ದರೆ ಮೇಲಿನವರು ವಾಪಸ್ ಕಳಿಸುತ್ತಾರೆ ಎಂದಳು. ಅವಳು ಹೇಳಿದ್ದು ಸರಿ. ಅವಳ ಜಾಗದಲ್ಲಿ ನಾನಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಹಬ್ಬ ಕಳೆದು ನಾಲ್ಕನೆಯ ದಿನ ಬೆಳಿಗ್ಗೆ ಅವನ ಮಗಳು ಗೇಟಿನ ಹೊರಗೆ ನಿಂತಿದ್ದಳು. ಅಪ್ಪ ನಿಲ್ಲುತ್ತಿದ್ದ ಜಾಗದಲ್ಲೇ. ಹೆಗಲಿಗೆ ಊಟದ ಡಬ್ಬಿಯ ಬ್ಯಾಗು, ಕೊರಳಲ್ಲಿ ಕಾರ್ಖಾನೆಯ ಗುರುತಿನ ಚೀಟಿ.

"ಸಾರ್, ಬಂದವ್ರೆ."

ನಾನು ಎದ್ದು ಗೇಟಿನ ಹತ್ತಿರ ಹೋದೆ. "ಎಲ್ಲಮ್ಮ?"

"ಅದೇ ಜಾಗ. ನೆನ್ನೆ ಬಸ್ಸಿಂದ ನೋಡ್ದೆ. ಮೂರು ಜನ." ಅವಳು ಬ್ಯಾಗಿನಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಉಳಿ, ಸುತ್ತಿಗೆ, ಸುಣ್ಣದ ಡಬ್ಬಿ. "ಈ ವರ್ಷದ ಗೀಟು ನೀನೇ ಹಾಕು ಅಂತ ಅಪ್ಪ ಹೇಳಿದ್ರು. ಕಲ್ಲು ನೀರೊಳಗೈತೆ. ಎಲ್ಲಿ ಹಾಕೋದು ಗೊತ್ತಾಗ್ತಿಲ್ಲ. ನಿಮ್ಮನ್ನ ಕೇಳೋಣ ಅಂತ ಬಂದೆ."

ನಮ್ಮ ಗೇಟಿಗೆ ಈಗ ಎರಡು ಗ್ರಾನೈಟ್ ಕಂಬ. ಹೋದ ವರ್ಷ ಮಗ ಮನೆ ರಿಪೇರಿ ಮಾಡಿಸಿದಾಗ ನಿಲ್ಲಿಸಿದ್ದು, ಕನ್ನಡಿಯ ಹಾಗೆ ಪಾಲಿಶ್ ಮಾಡಿಸಿದ್ದಾನೆ. ಆ ಗೂಡಿದ್ದ ಹಳೆಯ ಕಾಂಪೌಂಡನ್ನು ಆಗಲೇ ಕೆಡವಿದರು.

"ಇಲ್ಲಿ ಹಾಕು," ಅಂದೆ.

ಅವಳು ಕಂಬವನ್ನೂ ನನ್ನನ್ನೂ ನೋಡಿದಳು. "ಮನೇಲಿ ಬೈಯಲ್ವಾ ಸಾರ್?"

"ಬೈಯಲಿ. ನನಗೆ ಬೈಯೋರು ಯಾರಾದ್ರೂ ಒಬ್ರು ಬೇಕು. ಹಾಕಮ್ಮ."

"ಎಷ್ಟು ಎತ್ರಕ್ಕೆ?"

"ನಿಮ್ಮಪ್ಪ ಕೇಳಿದಷ್ಟು. ತಲೆಯಿಂದ ಒಂದು ಗೇಣು ಕೆಳಗೆ."

ಅವಳು ಕೈ ಎತ್ತಿ, ಕಂಬದ ತುದಿಗೆ ಹೆಬ್ಬೆರಳು ಊರಿ, ಕಿರುಬೆರಳು ಅಗಲಿಸಿ ಅಳೆದಳು. ಬಾಗಿನದ ದಿನ ಅವಳ ಅಪ್ಪ ಶಾಸಕರ ಮುಂದೆ ಕೈ ಚಾಚಿದ್ದ ಹಾಗೇ. ಉಳಿ ಇಟ್ಟು ಒಂದು ಏಟು ಹಾಕಿದಳು, ಪಾಲಿಶ್ ಸಿಡಿಯಿತು. ಇನ್ನೊಂದು ಏಟು. ಒಳಗಿನಿಂದ ಸೊಸೆ ಕೈಯಲ್ಲಿ ಸೌಟು ಹಿಡಿದೇ ಓಡಿಬಂದಳು.

"ಅಯ್ಯೋ ಮಾವ, ಏನಿದು? ಏನ್ ಮಾಡಿಸ್ತಾ ಇದೀರ?"

"ದಾಖಲೆ," ಅಂದೆ.

ಗೀಟು ಪೂರ್ತಿಯಾಗಿ, ಅವಳು ಸುಣ್ಣ ತುಂಬಿ ಬೆರಳು ಒರೆಸಿಕೊಳ್ಳುವತನಕ ಕಾದೆ. ಆಮೇಲೆ ಜೇಬಿನಿಂದ ಫೋನು ತೆಗೆದು ಫೋಟೊ ಹೊಡೆದೆ.